ನೊಗ್ರಾಜ್‌ನನ್ನು ನೋಡಿ ನಕ್ಕವರು

2026ರ ಜನವರಿ 15ರಂದು ಮಹಾರಾಷ್ಟ್ರದ 29 ಮಹಾನಗರ ಪಾಲಿಕೆಗಳಿಗೆ ಮತದಾನವಿತ್ತು, ಆಫೀಸಿಗೆ ರಜೆ. ಸಂಕ್ರಾಂತಿಯೂ ಕೂಡಿಬಂದಿತ್ತೆಂದು ನನ್ನ ಟೀಮಿನ ನಾಲ್ಕು ಜನ ಕನ್ನಡದ ಹುಡುಗರನ್ನು ಊಟಕ್ಕೆ ಕರೆದಿದ್ದೆ. ಯಾರಿಗೂ ಈ ಊರಿನಲ್ಲಿ ಓಟಿಲ್ಲ. ನನಗೂ ಇಲ್ಲ. ಹನ್ನೊಂದು ವರ್ಷದಿಂದ ಇಲ್ಲಿ ಮನೆ ಮಾಡಿಕೊಂಡಿದ್ದರೂ ನನ್ನ ಹೆಸರು ಇನ್ನೂ ಧಾರವಾಡದ ಪಟ್ಟಿಯಲ್ಲೇ ಇದೆ. ಹೋಗಿ ಓಟು ಹಾಕಿ ಬಂದದ್ದು ಒಂದೇ ಸಲ, ಅದೂ ತಮ್ಮನ ಮದುವೆ ಅದೇ ವಾರ ಇತ್ತು ಎಂಬ ಕಾರಣಕ್ಕೆ.

ರೊಟ್ಟಿ, ಎಣ್ಣೆಗಾಯಿ, ಎಳ್ಳು ಹೋಳಿಗೆ ಮುಗಿದ ಮೇಲೆ ದಾವಣಗೆರೆಯ ಹುಡುಗ "ಸರ್, ಇವತ್ತಿನ ದಿನಕ್ಕೆ ಕರೆಕ್ಟಾಗಿರೋ ಪಿಚ್ಚರ್ ಇದು" ಎಂದು 'ಹಂಬಲ್ ಪೊಲಿಟಿಷಿಯನ್ ನೊಗ್ರಾಜ್' ಹಾಕಿದ. 2018ರ ಜನವರಿಯಲ್ಲಿ ಬಂದ ಸಿನಿಮಾ, ಸಾದ್ ಖಾನ್ ನಿರ್ದೇಶನ. ನಾನು ಅದನ್ನು ಆಗಲೇ ಥಿಯೇಟರಿನಲ್ಲಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ವಾಟ್ಸಾಪ್ ಗುಂಪುಗಳಲ್ಲೆಲ್ಲ "ನೋಡಲೇಬೇಕು" ಎಂದು ಬರೆದವನು. ಎಂಟು ವರ್ಷದ ನಂತರ ಇಪ್ಪತ್ನಾಲ್ಕರ ಹುಡುಗರ ನಡುವೆ ಕೂತು ನೋಡಿದಾಗ ಅವರು ನಗುತ್ತಿದ್ದ ಜಾಗದಲ್ಲೆಲ್ಲ ನನಗೂ ನಗು ಬಂತು. ಆದರೆ ಜೊತೆಗೆ ಒಂದು ಕಿರಿಕಿರಿಯೂ ಶುರುವಾಯಿತು. ಅದು ಏನೆಂದು ಬಿಡಿಸಿಕೊಳ್ಳಲು ಈ ಬರಹ.

ಮೊದಲು ಸಿನಿಮಾಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ದಾನಿಶ್ ಸೇಠ್ ಹುಟ್ಟಿಸಿದ ನೊಗ್ರಾಜ್ ಮೂಲದಲ್ಲಿ ರೇಡಿಯೋದ ತಮಾಷೆ ಕರೆಗಳ ಪಾತ್ರ, ಬರೀ ದನಿ. ಅದಕ್ಕೆ ಮೈ ಬಂದಾಗ ಬಿಳಿ ಬಟ್ಟೆ ಬಂತು, ಬಂಗಾರ ಬಂತು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಆ ನಾಚಿಕೆಯಿಲ್ಲದ ಮಾತೂ ಬಂತು. ಪಕ್ಕದಲ್ಲಿ ಪಿ.ಎ. ಮಂಜುನಾಥನಾಗಿ ವಿಜಯ್ ಚೆಂಡೂರ್ ಇದ್ದಾರೆ. ಬೈಗುಳ ತಿನ್ನುತ್ತಲೇ ನಿಷ್ಠೆಯಿಂದ ನಿಲ್ಲುವ ಆ ಮುಖ ಚಿತ್ರದ ಅತಿ ನಿಜವಾದ ಸಂಗತಿ. ಹೆಂಡತಿಯಾಗಿ ಸುಮುಖಿ ಸುರೇಶ್ ಇದ್ದಾರೆ. ಬೆಂಗಳೂರಿನ ಕಿವಿ ಇರುವವರು ಬರೆದ ಸಂಭಾಷಣೆ ಎಂಬುದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಪರವೂರಿನಲ್ಲಿರುವ ನಮ್ಮಂಥವರಿಗೆ ಆ ಮಾತೇ ಅರ್ಧ ಊರಿಗೆ ಹೋಗಿಬಂದ ಹಾಗೆ.

ನೊಗ್ರಾಜ್ ಒಬ್ಬ ಭ್ರಷ್ಟ ಕಾರ್ಪೊರೇಟರ್, ಎಂಎಲ್ಎ ಆಗಬೇಕೆಂಬ ಆಸೆಯವನು. ಎದುರಿಗೆ ಅರುಣ್ ಪಾಟೀಲ್, ರೋಜರ್ ನಾರಾಯಣ್ ಮಾಡಿದ ಪಾತ್ರ. ಓದಿದವನು, ಸಭ್ಯ, ವ್ಯವಸ್ಥೆಯನ್ನು ಸರಿಪಡಿಸುತ್ತೇನೆಂದು ಚುನಾವಣೆಗೆ ಇಳಿಯುವವನು. ನನ್ನ ಕಿರಿಕಿರಿ ಶುರುವಾದದ್ದು ಈ ಪಾಟೀಲನಿಂದ. ಅವನು ನಾನೇ! ನಾನೊಬ್ಬನೇ ಅಲ್ಲ, ಆ ಸಿನಿಮಾ ನೋಡಲು ಟಿಕೆಟ್ ಕೊಂಡ ಮಲ್ಟಿಪ್ಲೆಕ್ಸಿನ ಪ್ರತಿಯೊಬ್ಬನೂ. ಎಂಟೆಕ್ ಮಾಡಿ, ಪ್ರಾಜೆಕ್ಟ್ ನಡೆಸಿ, ತೆರಿಗೆ ಕಟ್ಟಿ, "ನಮ್ಮಂಥವರು ರಾಜಕೀಯಕ್ಕೆ ಬಂದರೆ ಆರು ತಿಂಗಳಲ್ಲಿ ಎಲ್ಲ ಸರಿಯಾಗುತ್ತದೆ" ಎಂದು ಚಹಾದ ಹೊತ್ತಿನಲ್ಲಿ ಹೇಳುವವರ ಕನಸಿನ ಪಡಿಯಚ್ಚು ಅವನು. ಸಿನಿಮಾ ನೊಗ್ರಾಜ್‌ನನ್ನು ಕಾಲಿನ ಉಗುರಿನವರೆಗೆ ಗೇಲಿ ಮಾಡುತ್ತದೆ, ಪಾಟೀಲನನ್ನು ಮಾತ್ರ ಹೂವಿನ ಹಾಗೆ ಎತ್ತಿಡುತ್ತದೆ. ಅವನಿಗೆ ಜಾತಿ ಯಾವುದು, ಆಸ್ತಿ ಎಷ್ಟು, ವಾರ್ಡಿನಲ್ಲಿ ಎಷ್ಟು ಜನರ ಹೆಸರು ಗೊತ್ತು ಎಂದು ಯಾರೂ ಕೇಳುವುದಿಲ್ಲ.

ಇವರಿಬ್ಬರ ಮಧ್ಯೆ ಇರಬೇಕಾದ ಮತದಾರರು ಎಲ್ಲಿ? ಅವರು ಬಹುಮಟ್ಟಿಗೆ ಗುಂಪು. ಮೋಸ ಹೋಗಲು, ಜೈಕಾರ ಹಾಕಲು ಬಂದವರು. ಆ ಗುಂಪಿನಿಂದ ಒಬ್ಬಳು ಮುಂದೆ ಬಂದು "ನನಗೆ ರೇಷನ್ ಕಾರ್ಡಿಗೆ ಇವನೇ ಬೇಕಾದದ್ದು, ನೀನಲ್ಲ" ಎಂದು ಪಾಟೀಲನಿಗೆ ಹೇಳಿದ್ದರೆ ಸಿನಿಮಾ ಎಲ್ಲಿಗೆ ಹೋಗುತ್ತಿತ್ತೋ!

ಇದನ್ನು ಹುಡುಗರಿಗೆ ಹೇಳಿದೆ. ಹಾಸನದವನು "ಕಾಮಿಡಿ ಸರ್ ಅದು, ಇಷ್ಟೆಲ್ಲ ಯಾಕೆ" ಎಂದ. ದಾವಣಗೆರೆಯವನು ಮಾತ್ರ ವಾದಕ್ಕೆ ನಿಂತ. ಅವನ ಮಾತು ನ್ಯಾಯವಾಗಿಯೇ ಇತ್ತು. "ನಿಮ್ಮ ಕಾಲದವರು ಸೀರಿಯಸ್ಸಾಗಿ ಪೇಪರ್ ಓದಿ ಏನ್ ಮಾಡಿದ್ರಿ ಸರ್? ನಮಗೆ ಬಹುಮತಕ್ಕೆ 113 ಬೇಕು ಅಂತ ಗೊತ್ತಾಗಿದ್ದೇ ಮೀಮ್‌ನಿಂದ. ಎಲ್ಲಾ ಒಂದೇ ಅಂತ ಗೊತ್ತಿರೋನು ಮೋಸ ಹೋಗಲ್ಲ."

ಇದು ಅವನೊಬ್ಬನ ಮಾತಲ್ಲ. ನಗರದಲ್ಲಿ ಬೆಳೆದ, ರೀಲ್ಸ್ ನೋಡುವ ಒಂದು ಪೀಳಿಗೆಯ ರಾಜಕೀಯ ಸಿದ್ಧಾಂತವೇ ಇದು: ಎಲ್ಲರೂ ಒಂದೇ, ಆದ್ದರಿಂದ ನಗಬೇಕು. 113ರ ಮಾತನ್ನಂತೂ ನಾನು ಒಪ್ಪುತ್ತೇನೆ. 2018ರ ಮೇ ತಿಂಗಳಿನಿಂದ 2019ರ ಜುಲೈವರೆಗೆ ಕರ್ನಾಟಕದ ಶಾಸಕರು ಇಡೀ ದೇಶಕ್ಕೆ ಪೌರನೀತಿಯ ಪಾಠ ಮಾಡಿದರು. 2019ರ ಜುಲೈ ನೆನಪಿದೆಯಲ್ಲ? ಅತೃಪ್ತ ಶಾಸಕರು ಮುಂಬೈನ ಹೋಟೆಲಿನಲ್ಲಿ, ಅವರನ್ನು ಕರೆತರಲು ಹೋದ ಡಿ.ಕೆ. ಶಿವಕುಮಾರ್ ಮಳೆಯಲ್ಲಿ ಹೊರಗೆ. ಕನ್ನಡ ಚಾನೆಲ್ಲುಗಳು ಹೋಟೆಲಿನ ಗೇಟನ್ನೇ ಹಗಲಿಡೀ ತೋರಿಸಿದವು. ನಮ್ಮ ಶಾಸಕರೂ ಕೊನೆಗೆ ನಮ್ಮ ಹಾಗೆ ಮಹಾರಾಷ್ಟ್ರಕ್ಕೆ ವಲಸೆ ಬಂದರಲ್ಲ ಎಂದು ನಾವಿಲ್ಲಿ ನಕ್ಕದ್ದೇ ನಕ್ಕದ್ದು. ಜುಲೈ 23ರಂದು 99ಕ್ಕೆ 105ರಿಂದ ಸಮ್ಮಿಶ್ರ ಸರ್ಕಾರ ಬಿತ್ತು. 2022ರಲ್ಲಿ ನೊಗ್ರಾಜ್ ವೆಬ್ ಸರಣಿಯಾಗಿ ಮರಳಿದಾಗ ಅತಂತ್ರ ವಿಧಾನಸಭೆ, ರೆಸಾರ್ಟ್, ಖರೀದಿ ಎಲ್ಲ ಇತ್ತು. ಎದುರಾಳಿಯಾಗಿ ಪ್ರಕಾಶ್ ಬೆಳವಾಡಿಯಂಥ ನಟರೂ ಇದ್ದರು. ಆದರೂ ಅದು ಸಪ್ಪೆಯಾಗಿ ಕಂಡಿತು. ಕಾರಣ ಸುಲಭ. ಟಿವಿ ಅದನ್ನು ಮೊದಲೇ, ಇನ್ನೂ ಚೆನ್ನಾಗಿ ಮಾಡಿಬಿಟ್ಟಿತ್ತು. ಸುದ್ದಿಯೇ ಹಾಸ್ಯವಾದ ಮೇಲೆ ಹಾಸ್ಯ ಅದನ್ನು ಮತ್ತೊಮ್ಮೆ ನಟಿಸಿ ತೋರಿಸಿದರೆ ಬರುವುದು ಎರಡನೇ ಡಿಕಾಕ್ಷನ್ನಿನ ಕಾಫಿ.

ಮೀಮಿನ ವಿಷಯಕ್ಕೂ ಬರೋಣ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ "ನಿಖಿಲ್ ಎಲ್ಲಿದ್ದೀಯಪ್ಪ" ನಮ್ಮ ಆಫೀಸಿನ ಕ್ಯಾಂಟೀನಿಗೂ ಬಂದಿತ್ತು. ಕನ್ನಡದ ಒಂದಕ್ಷರ ಬಾರದ ಮರಾಠಿ ಹುಡುಗರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಿದ್ದರು. ಸಿನಿಮಾ ವೇದಿಕೆಯ ಒಂದು ಕ್ಷಣವನ್ನು ಕಿತ್ತು ವಂಶಾಡಳಿತದ ಮೇಲೆ ಎಸೆದ ಆ ಚುರುಕುತನಕ್ಕೆ ನನ್ನ ಮೆಚ್ಚುಗೆಯಿದೆ. ಆದರೆ ಮಂಡ್ಯದಲ್ಲಿ ಗೆದ್ದವರೂ ಚಿತ್ರರಂಗದವರೇ, ಅಂಬರೀಶ್ ಅವರ ಪತ್ನಿ ಸುಮಲತಾ. ಒಂದು ಮನೆತನವನ್ನು ಅಷ್ಟು ಹರಿತವಾಗಿ ಕಂಡ ನಗು ಇನ್ನೊಂದು ಹೆಸರಿನ ತೂಕವನ್ನು ಕಾಣಲೇ ಇಲ್ಲ. ಮೈಷುಗರ್ ಕಾರ್ಖಾನೆ, ಕಬ್ಬಿನ ಬಾಕಿ, ಕಾವೇರಿ ಯಾವುದೂ ಆ ಮೀಮಿನಲ್ಲಿ ಹಿಡಿಸುವಂಥದ್ದಾಗಿರಲಿಲ್ಲ. ಮಂಡ್ಯ ಎಂದರೆ ನಮ್ಮ ಕ್ಯಾಂಟೀನಿಗೆ ಇವತ್ತಿಗೂ ಆ ಎರಡು ಪದ ಮಾತ್ರ.

ಕನ್ನಡದಲ್ಲಿ ಹೀಗೇ ಇತ್ತೇ? ಚಿಕ್ಕವನಿದ್ದಾಗ ಅಪ್ಪನ ಜೊತೆ ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನೋಡಿದ್ದೆ. ನಾಟಕ ಅರ್ಧದಲ್ಲಿ ನಿಲ್ಲಿಸಿ, ಅಂದಿನ ಪೇಪರಿನ ಸುದ್ದಿ ಎತ್ತಿಕೊಂಡು, ಮಂತ್ರಿಗಳ ಹೆಸರು ಹಿಡಿದೇ ಝಾಡಿಸುತ್ತಿದ್ದರು. ನೊಗ್ರಾಜ್‌ಗಿಂತ ಸೂಕ್ಷ್ಮವಾದ ಹಾಸ್ಯವೇನೂ ಅಲ್ಲ ಅದು. ಕೆಲವು ಮಾತುಗಳನ್ನು ಇವತ್ತು ನಾನು ಮಗಳ ಎದುರು ಕೇಳಲಾರೆ. ಆದರೆ ಒಂದು ವ್ಯತ್ಯಾಸ ನನ್ನ ಮನಸ್ಸಿನಲ್ಲಿ ಉಳಿದಿದೆ. ಬೈಯುತ್ತ ಬೈಯುತ್ತ ಅವರು ಮುಂದಿನ ಸಾಲಿನತ್ತ ತಿರುಗುತ್ತಿದ್ದರು. ತೆಗೆದುಕೊಳ್ಳುವವನಷ್ಟೇ ಅಲ್ಲ, ಕೊಡುವವನಿಗೂ ಏಟು. ಇಲಾಖೆಯಲ್ಲಿ ನೌಕರಿಯಲ್ಲಿದ್ದ ಅಪ್ಪ ನಗುವುದನ್ನು ನಿಲ್ಲಿಸಿ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತದ್ದು ನನಗೆ ನೆನಪಿದೆ. ನೊಗ್ರಾಜ್ ನೋಡುವಾಗ ನಾನು ಒಮ್ಮೆಯೂ ಹಾಗೆ ಸರಿದು ಕೂರಬೇಕಾಗಲಿಲ್ಲ.

ಶಂಕರ್ ನಾಗ್ ಅವರ 'ಆಕ್ಸಿಡೆಂಟ್' ಇನ್ನೊಂದು. ಅದೂ ಬೆಂಗಳೂರು, ರಾಜಕಾರಣ, ಪತ್ರಿಕೆಗಳ ಕಥೆಯೇ. ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಯವರ ಮೇಲೆ ರಾಜಕಾರಣಿಯ ಮಗನ ಕಾರು ಹರಿಯುತ್ತದೆ. ಅನಂತ್ ನಾಗ್ ಮಾಡಿದ ಆ ರಾಜಕಾರಣಿಗೆ ಬಂಗಾರದ ಸರವಿಲ್ಲ, ಹರಕು ಇಂಗ್ಲಿಷಿಲ್ಲ. ಮಾತು ಮಿದು, ನಡೆ ಸಭ್ಯ. ಭಯ ಹುಟ್ಟುವುದು ಅಲ್ಲೇ. ನಮ್ಮ ಹೊಸ ಹಾಸ್ಯಕ್ಕೆ ಕೆಟ್ಟವನನ್ನು ಗುರುತಿಸಲು ಅವನ ಉಚ್ಚಾರಣೆ ಸಾಕು. ವ್ಯಾಕರಣ ತಪ್ಪಿದವನು ಕಳ್ಳ, ಸರಿಯಾಗಿ ಮಾತಾಡುವವನು ಪ್ರಾಮಾಣಿಕ. ಇದು ರಾಜಕೀಯ ವಿಡಂಬನೆ ಎಂದು ಎಂಟು ವರ್ಷದ ಹಿಂದೆ ಅಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಮೀಡಿಯಮ್ಮಿನ ಜಂಬ.

ದಾನಿಶ್‌ಗೆ ಬೇರೆ ದಾರಿ ಗೊತ್ತಿಲ್ಲ ಎಂದಲ್ಲ. 2020ರ ಲಾಕ್‌ಡೌನಿನಲ್ಲಿ ಅವರು ಫೋನಿನ ಮುಂದೆ ಒಬ್ಬರೇ ಕೂತು ಮಾಡಿದ ತುಣುಕುಗಳಲ್ಲಿ ರಾಮಮೂರ್ತಿ, ಜಯಾ, ದೀದಿ ಎಂಬವರು ಬರುತ್ತಾರೆ. ಅಲ್ಲಿಯೂ ಭಾಷೆಗಳ ಕಿಚಡಿಯೇ, ಅಲ್ಲಿಯೂ ಉಚ್ಚಾರಣೆಯ ಆಟವೇ. ಆದರೆ ಆ ಪಾತ್ರಗಳನ್ನು ನೋಡಿ ನಗುವುದಲ್ಲ, ಅವುಗಳ ಜೊತೆ ನಗುವುದು. ಆ ಕಿವಿ ರಾಜಕೀಯಕ್ಕೆ ಬಂದಾಗ ಮಾತ್ರ ಯಾಕೆ ಮುಚ್ಚಿಕೊಳ್ಳುತ್ತದೆ ಎಂಬುದು ನನ್ನ ತಕರಾರು.

ಇನ್ನು ನನ್ನನ್ನು ಈ ಬರಹಕ್ಕೆ ಕೂರಿಸಿದ ಸಂಗತಿ. ನೊಗ್ರಾಜ್ ಕಾರ್ಪೊರೇಟರ್ ತಾನೇ? ಬೆಂಗಳೂರಿನಲ್ಲಿ 198 ಕಾರ್ಪೊರೇಟರುಗಳಿದ್ದರು. 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿಯಿತು. ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿ ಬಂದರು. ಐದು ವರ್ಷ ಹಾಗೇ ನಡೆದು, 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು, ಮೇಲೊಂದು ಪ್ರಾಧಿಕಾರ ಬಂದವು. ಅಂದರೆ ನೊಗ್ರಾಜ್ ಸರಣಿ ಬಂದ 2022ರಲ್ಲಿ ಆ ಊರಿನಲ್ಲಿ ಗೇಲಿ ಮಾಡಲು ಒಬ್ಬ ನಿಜವಾದ ಕಾರ್ಪೊರೇಟರೂ ಇರಲಿಲ್ಲ. ಮಹಾರಾಷ್ಟ್ರದಲ್ಲೂ ಕಥೆ ಅದೇ. ಮುಂಬೈ, ಪುಣೆಗಳಲ್ಲಿ 2022ರ ಮಾರ್ಚಿನಿಂದ ಮೊನ್ನೆಯ ಚುನಾವಣೆಯವರೆಗೆ ಆಯ್ಕೆಯಾದ ಸದಸ್ಯರಿರಲಿಲ್ಲ. ಇದರ ಬಗ್ಗೆ ಕೋರ್ಟಿಗೆ ಹೋದವರಿದ್ದಾರೆ, ಬರೆದವರಿದ್ದಾರೆ. ಆದರೆ ಒಂದು ಮೀಮ್? ನನ್ನ ಫೋನಿಗಂತೂ ಬರಲಿಲ್ಲ. ಇರುವ ಭ್ರಷ್ಟನನ್ನು ನೋಡಿ ನಗಬಹುದು, ಖಾಲಿ ಕುರ್ಚಿಯನ್ನು ನೋಡಿ ನಗುವುದು ಹೇಗೆ?

"ಹೋದ್ರೆ ಹೋದ್ರು ಬಿಡಿ ಸರ್, ಆಫೀಸರ್‌ಗಳೇ ಬೆಟರ್" ಎಂದ ಬೆಂಗಳೂರಿನ ಹುಡುಗ. ನೊಗ್ರಾಜ್ ನೋಡಿ ನಕ್ಕವನು ತಲುಪುವ ಊರು ಇದೇ ಎಂದು ಆಗ ಹೊಳೆಯಿತು. ಅರುಣ್ ಪಾಟೀಲನ ಕನಸು, ಉಪೇಂದ್ರರ ಪ್ರಜಾಕೀಯದ ಕನಸು, ಈ ಹುಡುಗನ ಕನಸು ಎಲ್ಲವೂ ಒಂದೇ ಕಡೆಗೆ ಹರಿಯುತ್ತವೆ: ರಾಜಕೀಯವಿಲ್ಲದ ಆಡಳಿತ. ನಾಯಕ ಬೇಡ, ಸಂಬಳಕ್ಕೆ ಕೆಲಸಗಾರ ಸಾಕು. ಪ್ರಾಜೆಕ್ಟ್ ಮ್ಯಾನೇಜರನಿಗೆ ಇದಕ್ಕಿಂತ ಪ್ರಿಯವಾದದ್ದು ಬೇರೆ ಇಲ್ಲ.

ಆ ಕನಸಿನೊಳಗೆ ನಾನು ಬದುಕಿ ನೋಡಿದ್ದೇನೆ. ಇಲ್ಲಿ ನಮ್ಮ ಬಡಾವಣೆಗೆ ಮೊದಲು ಒಬ್ಬ ನಗರಸೇವಕನಿದ್ದ. ಮೈತುಂಬ ಬಿಳಿ ಬಟ್ಟೆ, ಕೈಯಲ್ಲಿ ಕಡಗ, ಹುಟ್ಟುಹಬ್ಬಕ್ಕೆ ಬೀದಿ ತುಂಬ ಫ್ಲೆಕ್ಸ್. ನಾವು ಸೊಸೈಟಿಯ ಕನ್ನಡದವರು ಅವನಿಗೆ ನೊಗ್ರಾಜ್ ಎಂದೇ ಹೆಸರಿಟ್ಟಿದ್ದೆವು. ಗೇಟಿನ ಎದುರಿನ ಚರಂಡಿ ಉಕ್ಕಿದರೆ ನಮ್ಮ ವಾಚ್‌ಮನ್ ಅವನ ಮನೆಗೆ ಹೋಗಿ ಕೂಗುತ್ತಿದ್ದ, ಸಂಜೆಗೆ ಜನ ಬರುತ್ತಿದ್ದರು. ಅವನ ಅವಧಿ ಮುಗಿದ ಮೇಲೆ ನಾವು ಓದಿದವರು ಕಲಿತ ಕೆಲಸ ಮಾಡಿದೆವು, ಆ್ಯಪಿನಲ್ಲಿ ದೂರು ಹಾಕಿದೆವು. ಮೂರನೇ ದಿನ "ಪರಿಹರಿಸಲಾಗಿದೆ" ಎಂದು ಟಿಕೆಟ್ ಮುಚ್ಚಿತು. ಚರಂಡಿ ಮುಚ್ಚಲಿಲ್ಲ. ಟಿಕೆಟ್ ಹೇಗೆ ಮುಚ್ಚುತ್ತದೆ ಎಂದು ನನಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಮತ್ತೆ ಹಾಕಿದೆವು, ಮತ್ತೆ ಮುಚ್ಚಿತು. ಕೂಗಲು ಮಾತ್ರ ಯಾವ ಮನೆಯೂ ಇರಲಿಲ್ಲ. ಅವನು ಪ್ರಾಮಾಣಿಕನಾಗಿದ್ದ ಎನ್ನುತ್ತಿಲ್ಲ. ಪಕ್ಕದ ಬಯಲಿನ ಬೇಲಿ ಒಂದು ರಾತ್ರಿಯಲ್ಲಿ ಹೇಗೆ ಸರಿಯಿತು ಎಂಬುದು ನಮಗೆಲ್ಲ ಗೊತ್ತು. ಅವನನ್ನು ಸೋಲಿಸಬಹುದಿತ್ತು ಎಂದಷ್ಟೇ ನನ್ನ ಮಾತು. ಆ್ಯಪನ್ನು ಸೋಲಿಸುವುದು ಹೇಗೋ ನನಗೆ ತಿಳಿಯದು.

ದಾವಣಗೆರೆಯ ಹುಡುಗ ಇದಕ್ಕೆ ಉತ್ತರ ಕೊಡಲಿಲ್ಲ, ಒಪ್ಪಲೂ ಇಲ್ಲ. "ಆದ್ರೆ ಸರ್, ನಿಮಗೆ ಇಲ್ಲಿ ಓಟೇ ಇಲ್ವಲ್ಲ" ಎಂದ. ಎಂಟು ವರ್ಷದಲ್ಲಿ ಆ ಸಿನಿಮಾ ಮಾಡದ ಕೆಲಸವನ್ನು ಒಂದೇ ಮಾತಿನಲ್ಲಿ ಮಾಡಿದ. ನಾನು ಸೋಫಾದ ಮೇಲೆ ಸ್ವಲ್ಪ ಸರಿದು ಕೂತೆ.

ಅಷ್ಟರಲ್ಲಿ ಪಾತ್ರೆ ತೊಳೆಯುವ ಮಾವಶಿ ಬಂದರು, ದಿನಕ್ಕಿಂತ ಎರಡು ಗಂಟೆ ತಡ. ಸಾಲು ಉದ್ದವಿತ್ತಂತೆ. ಬೆರಳಿನ ಶಾಯಿ ಇನ್ನೂ ಹಸಿಯಾಗಿತ್ತು. ಟಿವಿಯಲ್ಲಿ ನೊಗ್ರಾಜ್ ಭಾಷಣ ಮಾಡುತ್ತಿದ್ದ. ಯಾರು ಇವನು, ಕರ್ನಾಟಕದ ಮಂತ್ರಿಯಾ ಎಂದು ಕೇಳಿದರು. ಸಿನಿಮಾ, ತಮಾಷೆಗೆ ಎಂದೆ. ಒಂದು ನಿಮಿಷ ನಿಂತು ನೋಡಿ, ಅವರೂ ನಕ್ಕು, ನಲ್ಲಿ ಬಿಟ್ಟುಕೊಂಡು ಪಾತ್ರೆಗೆ ಕೂತರು.