ಧೃತಿಯ ಗಣಿತ: ‘ರೋಮ್: ಟೋಟಲ್ ವಾರ್’ ಆಟದ ಯುದ್ಧಕ್ರಮ

ಗತಕಾಲದ ಯುದ್ಧವನ್ನು ನಿರೂಪಿಸುವ ಕೃತಿ ಇತಿಹಾಸಗ್ರಂಥವಾಗಲಿ, ಕಾವ್ಯವಾಗಲಿ, ಗಣಕಯಂತ್ರದ ಆಟವಾಗಲಿ, ಒಂದು ಪ್ರಶ್ನೆಗೆ ಉತ್ತರ ಹೇಳಲೇಬೇಕು: ಸೈನ್ಯವು ಸೋಲುವುದು ಯಾವಾಗ? ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ 2004ರಲ್ಲಿ ಸಿದ್ಧಪಡಿಸಿದ ‘ರೋಮ್: ಟೋಟಲ್ ವಾರ್’ ಎಂಬ ಆಟವು ಇದಕ್ಕೆ ಕೊಡುವ ಉತ್ತರ ವಿಚಾರಾರ್ಹವಾದುದು.

ಈ ಬಗೆಯ ಅನೇಕ ಆಟಗಳಲ್ಲಿ ಸೋಲೆಂದರೆ ಸಾವಿನ ಎಣಿಕೆ ಮಾತ್ರ. 1999ರಲ್ಲಿ ಹೊರಬಂದ ‘ಏಜ್ ಆಫ್ ಎಂಪೈರ್ಸ್’ ಮಾಲೆಯ ಎರಡನೆಯ ಆಟದಲ್ಲಿ ಯೋಧನು ಪ್ರಾಣದ ಕಡೆಯ ಅಂಶ ಉಳಿದಿರುವವರೆಗೂ ಮೊದಲಿನಷ್ಟೇ ಬಲದಿಂದ ಹೊಡೆಯುತ್ತಾನೆ. ಭಯವೆಂಬುದನ್ನು ಅವನು ಅರಿಯನು. ‘ರೋಮ್’ ಆಟದಲ್ಲಾದರೋ ಪ್ರತಿಯೊಂದು ಪಡೆಗೂ ಧೃತಿಯ ಅಳತೆಯೊಂದುಂಟು. ಶತ್ರುವು ಪಕ್ಕದಿಂದಲೋ ಹಿಂದಿನಿಂದಲೋ ಮೇಲೆಬಿದ್ದರೆ, ದಣಿವು ಏರಿದರೆ, ಸೇನಾನಿ ಮಡಿದರೆ ಅದು ಕುಗ್ಗುತ್ತದೆ. ಅದು ಮುರಿದೊಡನೆ, ಯೋಧರಲ್ಲಿ ಅನೇಕರು ಬದುಕಿರುವಂತೆಯೇ ಪಡೆಯು ಬೆನ್ನು ತೋರಿಸುತ್ತದೆ. ಕಗ್ಗೊಲೆ ನಡೆಯುವುದು ಅನಂತರ, ಬೆನ್ನಟ್ಟುವ ರಾವುತರ ಕೈಯಲ್ಲಿ. 1870ರಲ್ಲಿ ಮಡಿದ ಫ್ರೆಂಚ್ ಸೇನಾಧಿಕಾರಿ ಆರ್ದಾಂ ದ್ಯು ಪಿಕ್ ಪ್ರಾಚೀನ ಯುದ್ಧಗಳನ್ನು ಕುರಿತು ಪ್ರತಿಪಾದಿಸಿದ ತತ್ತ್ವವೂ ಇದೇ.

ಆಕರಗಳಿಗೆ ಈ ಆಟ ತೋರುವ ನಿಷ್ಠೆಗೆ ಆನೆಗಳು ಇನ್ನೊಂದು ನಿದರ್ಶನ. ಬೆದರಿದ ಆನೆ ಕೈಮೀರಿ ಸ್ವಪಕ್ಷವನ್ನೇ ತುಳಿಯತೊಡಗಿದಾಗ ಅದನ್ನು ಕೊಲ್ಲಿಸುವ ಆಜ್ಞೆ ಆಟಗಾರನ ವಶದಲ್ಲಿದೆ. ಕ್ರಿ. ಪೂ. 207ರ ಮೆಟಾರಸ್ ಯುದ್ಧವನ್ನು ವರ್ಣಿಸುತ್ತ ಲಿವಿಯು, ಮಾವುತರು ಇದಕ್ಕಾಗಿಯೇ ಉಳಿಯನ್ನೂ ಕೊಡತಿಯನ್ನೂ ಇಟ್ಟುಕೊಂಡಿದ್ದರೆಂದು ಹೇಳಿದ್ದಾನೆ.

ಇಷ್ಟಾದರೂ ಕೃತಿಯ ಮುಖ್ಯವಾದ ನ್ಯೂನತೆಯನ್ನು ಮರೆಮಾಚುವಂತಿಲ್ಲ. ಕ್ರಿ. ಪೂ. 216ರ ಕ್ಯಾನೀ ಯುದ್ಧವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಂದು ಹ್ಯಾನಿಬಲನ ನಡುಸಾಲಿನ ಗಾಲರೂ ಐಬೀರಿಯರೂ ಕಾದಾಡುತ್ತಲೇ ಹಿಂದೆ ಸರಿದರು; ಒಳನುಗ್ಗಿದ ರೋಮನರನ್ನು ಇಕ್ಕೆಲಗಳಿಂದ ಲಿಬಿಯನರು, ಹಿಂದಿನಿಂದ ರಾವುತರು ಮುತ್ತಿದರು. ಶತ್ರುವಿಗೆ ಮುಖಕೊಟ್ಟುಕೊಂಡೇ ಹೆಜ್ಜೆಹೆಜ್ಜೆಯಾಗಿ ಹಿಂಜರಿಯಿರೆಂಬ ಆಜ್ಞೆ ಈ ಆಟದಲ್ಲಿಲ್ಲ. ಹಿಂದೆಗೆಯುವ ಪಡೆ ಬೆನ್ನು ತಿರುಗಿಸಿಯೇ ಹಿಂದೆಗೆಯಬೇಕು. ಹೀಗಾಗಿ ಆ ಯುದ್ಧದ ಜೀವಾಳವೇ ಇಲ್ಲಿ ತಪ್ಪಿಹೋಗುತ್ತದೆ. ಮೇಲಾಗಿ, ಆಟಗಾರನ ಆಜ್ಞೆ ರಣದ ಯಾವ ಮೂಲೆಗಾದರೂ ಕ್ಷಣಮಾತ್ರದಲ್ಲಿ ಮುಟ್ಟುತ್ತದೆ. ಹ್ಯಾನಿಬಲನಿಗೆ ಆ ಸೌಕರ್ಯವಿರಲಿಲ್ಲ. ಪಾಲಿಬಿಯಸನು ಹೇಳುವಂತೆ ಅವನು ತಮ್ಮನಾದ ಮಾಗೋನೊಡನೆ ಆ ನಡುಸಾಲಿನಲ್ಲೇ ನಿಂತಿದ್ದನು. ಯುದ್ಧ ತೊಡಗಿದ ಮೇಲೆ ದೂರದ ಪಡೆಗಳ ವಿಷಯದಲ್ಲಿ ಅವನು ನೆಚ್ಚಬೇಕಾಗಿದ್ದುದು ಮೊದಲೇ ಮಾಡಿದ ಯೋಜನೆಯನ್ನು, ಅಲ್ಲಲ್ಲಿನ ನಾಯಕರ ವಿವೇಕವನ್ನು.

ಯೋಧನ ಭಯವನ್ನು ಅಳೆದ ಈ ಆಟ ಸೇನಾನಿಯ ಅಜ್ಞಾನವನ್ನು ಅಳೆಯಲಿಲ್ಲ. ಇದು ಅಲ್ಪದೋಷವಲ್ಲ: ಸೋತ ಸೇನಾನಿಗಳೆಲ್ಲರೂ ಮಂದಮತಿಗಳೆಂಬ ಭ್ರಾಂತಿಗೆ ಇದು ಎಡೆಗೊಡುತ್ತದೆ. ಆದುದರಿಂದ ಇದನ್ನು ಪಾಠಕ್ಕೆ ಬಳಸುವ ಅಧ್ಯಾಪಕರು ಪಾಲಿಬಿಯಸನ ಮೂರನೆಯ ಸಂಪುಟವನ್ನೂ ಜೊತೆಯಲ್ಲಿ ಓದಿಸುವುದು ಯುಕ್ತ. ಸೈನ್ಯ ಹೇಗೆ ಮುರಿಯುತ್ತದೆಂಬುದನ್ನು ವಿದ್ಯಾರ್ಥಿ ಆಟದಿಂದ ಅರಿತಾನು. ಸೇನಾನಿಗೆ ಏನೇನು ಕಾಣುತ್ತಿರಲಿಲ್ಲವೆಂಬುದನ್ನು ಗ್ರಂಥದಿಂದಲೇ ಅರಿಯಬೇಕು.