ಶಾಸನಸಭೆಯಿಂದ ನ್ಯಾಯಪೀಠಕ್ಕೆ: ಕೆ. ಎಸ್. ಹೆಗ್ಡೆಯವರ ಸಾರ್ವಜನಿಕ ಜೀವನದ ವಿಮರ್ಶೆ

ಸಾರ್ವಜನಿಕ ವ್ಯಕ್ತಿಗಳ ಜೀವನವನ್ನು ಅದರ ಅತ್ಯಂತ ಪ್ರಸಿದ್ಧವಾದ ಒಂದು ಘಟನೆಯಿಂದಲೇ ಅಳೆಯುವುದು ಚರಿತ್ರೆಯ ಅಭ್ಯಾಸಿಗಳು ಸುಲಭವಾಗಿ ಮಾಡುವ ತಪ್ಪು. ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆಯವರ (1909-1990) ವಿಷಯದಲ್ಲಿ ಈ ತಪ್ಪು ಎರಡು ಬಗೆಯಾಗಿ ನಡೆದಿದೆ. ಅಭಿಮಾನಿಗಳು 1973ರ ರಾಜೀನಾಮೆಯೊಂದನ್ನೇ ಕಂಡು ಅವರನ್ನು ತ್ಯಾಗಮೂರ್ತಿಯೆಂದು ಕೊಂಡಾಡುತ್ತಾರೆ. ಪ್ರತಿಪಕ್ಷದವರು ಅವರು ಮೊದಲು ರಾಜ್ಯಸಭೆಯಲ್ಲಿದ್ದುದನ್ನೂ ಅನಂತರ ಲೋಕಸಭೆಯನ್ನು ಸೇರಿದುದನ್ನೂ ಜೋಡಿಸಿ, ನಡುವಿನ ಹದಿನಾರು ವರ್ಷ ರಾಜಕಾರಣಿಯೊಬ್ಬರು ನ್ಯಾಯಾಧೀಶರ ನಿಲುವಂಗಿಯನ್ನು ಧರಿಸಿದ್ದರೆನ್ನುತ್ತಾರೆ. ಈ ಎರಡು ಮತಗಳೂ ಅವರ ತೀರ್ಪುಗಳನ್ನು ಓದದೆ ಹುಟ್ಟಿದವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಜನಿಸಿದ ಹೆಗ್ಡೆಯವರು ದಕ್ಷಿಣ ಕನ್ನಡದಲ್ಲಿ ವಕೀಲಿ ವೃತ್ತಿಯನ್ನು ನಡೆಸಿ, 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಆಯ್ಕೆಯಾದರು. ಆ ಜಿಲ್ಲೆ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. 1957ರಲ್ಲಿ ಸದಸ್ಯತ್ವವನ್ನು ಬಿಟ್ಟು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಪ್ರಥಮ ಮುಖ್ಯ ನ್ಯಾಯಾಧೀಶರೂ, 1967ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರೂ ಆದರು.

1969ರಲ್ಲಿ ಅವರು ಬರೆದ ಎರಡು ತೀರ್ಪುಗಳು ಇಲ್ಲಿ ವಿಚಾರಾರ್ಹವಾದವು. ಮೊದಲನೆಯದು ಕ್ರೈಪಕ್ ಪ್ರಕರಣ. ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಲಿಯಲ್ಲಿ ಅಭ್ಯರ್ಥಿಯೊಬ್ಬರೇ ಸದಸ್ಯರಾಗಿದ್ದರು. ತಮ್ಮ ಹೆಸರು ಪರಿಶೀಲನೆಗೆ ಬಂದಾಗ ಅವರು ಹೊರಗೆ ಹೋಗಿದ್ದರೆಂಬ ಸಮಾಧಾನವನ್ನು ಹೆಗ್ಡೆಯವರು ಒಪ್ಪಲಿಲ್ಲ. ಆಡಳಿತದ ನಿರ್ಣಯಗಳಿಗೂ ಸಹಜ ನ್ಯಾಯದ ತತ್ತ್ವ ಅನ್ವಯಿಸುತ್ತದೆಂದು ಸಾರಿ ಆ ಆಯ್ಕೆಯನ್ನು ರದ್ದುಗೊಳಿಸಿದರು. ಎರಡನೆಯದು ಬೆಂಗಳೂರಿನ ಚಂದ್ರಭವನ ಪ್ರಕರಣ. ಹೋಟೆಲು ಕೆಲಸಗಾರರಿಗೆ ಮೈಸೂರು ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನವನ್ನು ಮಾಲೀಕರು ಪ್ರಶ್ನಿಸಿದ್ದರು. ವ್ಯಾಪಾರದ ಸ್ವಾತಂತ್ರ್ಯವೆಂದರೆ ಶೋಷಣೆಯ ಸ್ವಾತಂತ್ರ್ಯವಲ್ಲವೆಂದೂ, ಮೂಲಭೂತ ಹಕ್ಕುಗಳಿಗೂ ನಿರ್ದೇಶಕ ತತ್ತ್ವಗಳಿಗೂ ವಿರೋಧವಿಲ್ಲವೆಂದೂ ಹೆಗ್ಡೆಯವರು ನಿರ್ಣಯಿಸಿದರು. ನಂಜನಗೂಡು ಸೀಮೆಯ ಹೆಮ್ಮರಗಾಲದಂತಹ ಗ್ರಾಮದಿಂದ ನಗರದ ಹೋಟೆಲಿಗೆ ದುಡಿಯಲು ಬರುವ ಹುಡುಗನಿಗೆ ಈ ತೀರ್ಪು ಎಷ್ಟರಮಟ್ಟಿಗೆ ಸಂಬಂಧಿಸಿದುದೆಂಬುದನ್ನು ವಿವರಿಸಬೇಕಾಗಿಲ್ಲ.

ಬ್ಯಾಂಕುಗಳ ರಾಷ್ಟ್ರೀಕರಣ ಮತ್ತು ರಾಜಧನದ ಪ್ರಕರಣಗಳಲ್ಲಿ ಹೆಗ್ಡೆಯವರು ಸರ್ಕಾರಕ್ಕೆ ಪ್ರತಿಕೂಲವಾದ ಬಹುಮತದಲ್ಲಿದ್ದುದು ನಿಜ. ಇದರಿಂದಲೇ ಅವರು ಆಸ್ತಿವಂತರ ಪಕ್ಷಪಾತಿಗಳೆಂದು ಹೇಳುವುದು ಸಾಧುವಲ್ಲ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ (24 ಏಪ್ರಿಲ್ 1973) ಹೆಗ್ಡೆ ಮತ್ತು ಮುಖರ್ಜಿಯಾ ಜಂಟಿಯಾಗಿ ಬರೆದ ತೀರ್ಪನ್ನು ನೋಡಬಹುದು. ಮೂಲಭೂತ ಹಕ್ಕುಗಳನ್ನು ತಿದ್ದುವ ಅಧಿಕಾರ ಸಂಸತ್ತಿಗಿದೆಯೆಂದು ಅವರು ಒಪ್ಪಿದರು. ಸಂವಿಧಾನದ ಮೂಲ ಲಕ್ಷಣಗಳನ್ನು ನಾಶಮಾಡುವ ಅಧಿಕಾರವನ್ನು ಮಾತ್ರ ಒಪ್ಪಲಿಲ್ಲ. ಸುಖೀರಾಜ್ಯವನ್ನು ಕಟ್ಟಬೇಕೆಂಬ ಆದೇಶವನ್ನೂ ಸಂಸತ್ತು ರದ್ದುಪಡಿಸಲಾರದೆಂದು ಅವರು ಹೇಳಿದುದನ್ನು ಟೀಕಾಕಾರರು ಮರೆಯುತ್ತಾರೆ.

ಆದರೆ ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಸಂಪತ್ತಿನ ಹಂಚಿಕೆಗಾಗಿ ಮಾಡುವ ಶಾಸನಗಳಿಗೆ ರಕ್ಷಣೆ ನೀಡುವ 31-ಸಿ ವಿಧಿಯನ್ನು ಅವರು ಸಂಪೂರ್ಣವಾಗಿ ಅಸಿಂಧುವೆಂದರು. ಬಹುಮತವು ಅಷ್ಟು ದೂರ ಹೋಗದೆ ಅದರ ಮೊದಲ ಭಾಗವನ್ನು ಉಳಿಸಿತು. ಚಂದ್ರಭವನದಲ್ಲಿ ಸರ್ಕಾರವನ್ನು ನಂಬಿದವರು ಇಲ್ಲಿ ಶಾಸನಸಭೆಯನ್ನೇ ಶಂಕಿಸಿದುದೇಕೆ? ವೇತನದ ಆಜ್ಞೆ ಶಾಸನಕ್ಕೂ ನ್ಯಾಯಾಲಯದ ಪರಿಶೀಲನೆಗೂ ಒಳಪಟ್ಟಿತ್ತು. 31-ಸಿ ಆ ಪರಿಶೀಲನೆಯನ್ನೇ ತೊಡೆದುಹಾಕಲು ಹೊರಟಿತ್ತು ಎಂಬುದು ಅದಕ್ಕೆ ಉತ್ತರವಾದೀತು. ಆದರೂ ಬಹುಮತದ ಮಧ್ಯಮಾರ್ಗವೇ ಹೆಚ್ಚು ವಿವೇಕದ್ದೆಂದು ನನಗೆ ತೋರುತ್ತದೆ.

ತೀರ್ಪಿನ ಮರುದಿನವೇ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನು ದಾಟಿ, ಅಲ್ಪಮತದಲ್ಲಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧೀಶರಾಗಿ ನೇಮಿಸಿರುವುದು ಪ್ರಕಟವಾಯಿತು. ಮೂವರೂ ರಾಜೀನಾಮೆಯಿತ್ತರು. ಜ್ಯೇಷ್ಠತೆಯ ಕ್ರಮ ಉಳಿದಿದ್ದರೆ ಶೆಲತ್ ಅವರ ನಿವೃತ್ತಿಯ ಬಳಿಕ ಹೆಗ್ಡೆಯವರು ಸುಮಾರು ಹನ್ನೊಂದು ತಿಂಗಳು ಆ ಪೀಠದಲ್ಲಿರುತ್ತಿದ್ದರು. ಜ್ಯೇಷ್ಠತೆಯೊಂದೇ ಸಾಲದೆಂದು 1958ರಲ್ಲಿ ಕಾನೂನು ಆಯೋಗ ಹೇಳಿದ್ದುದನ್ನು ಸಚಿವ ಮೋಹನ ಕುಮಾರಮಂಗಲಂ ಆಧಾರವಾಗಿ ತೋರಿಸಿದರು; ನ್ಯಾಯಾಧೀಶರ ಸಾಮಾಜಿಕ ದೃಷ್ಟಿಯೂ ಮುಖ್ಯವೆಂದರು. ಆಯೋಗ ಹೇಳಿದುದು ಯೋಗ್ಯತೆಯ ಮಾತು, ಸರ್ಕಾರಕ್ಕೆ ಒಪ್ಪುವ ದೃಷ್ಟಿಯ ಮಾತಲ್ಲ. 1957ರಲ್ಲಿ ತನ್ನ ಸದಸ್ಯರೊಬ್ಬರು ನೇರವಾಗಿ ನ್ಯಾಯಪೀಠವೇರಿದಾಗ ಆಳುವ ಪಕ್ಷಕ್ಕೆ ಕಾಣದ ದೋಷ, ಅವರು ಸ್ವತಂತ್ರವಾಗಿ ತೀರ್ಪು ಕೊಟ್ಟಾಗ ಕಂಡುದು ಗಮನಾರ್ಹ.

1977ರಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಗೆದ್ದು, ಅದೇ ಜುಲೈಯಲ್ಲಿ ಲೋಕಸಭೆಯ ಅಧ್ಯಕ್ಷರಾದರು. ನಿವೃತ್ತ ನ್ಯಾಯಾಧೀಶರು ವಕೀಲಿ ಮಾಡುವುದನ್ನು ಸಂವಿಧಾನದ 124ನೆಯ ಅನುಚ್ಛೇದ ನಿಷೇಧಿಸುತ್ತದೆ. ಚುನಾವಣೆಗೆ ನಿಲ್ಲುವುದನ್ನು ನಿಷೇಧಿಸುವುದಿಲ್ಲ. ಆದುದರಿಂದ ಅವರ ನಡೆ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಆದರೆ ಪಕ್ಷದ ಟಿಕೆಟ್ಟಿನಿಂದ ನಿಂತುದು ಅವರ ಹಿಂದಿನ ತೀರ್ಪುಗಳನ್ನು ಸಂದೇಹದಿಂದ ಓದುವವರಿಗೆ ಒಂದು ನೆಪವನ್ನೊದಗಿಸಿತು ಎನ್ನದೆ ವಿಧಿಯಿಲ್ಲ. ಕ್ರೈಪಕ್ ತೀರ್ಪಿನಲ್ಲಿ ಅವರೇ ಎತ್ತಿಹಿಡಿದ ತತ್ತ್ವವು ಪಕ್ಷಪಾತ ನಡೆಯದಿರುವುದರಷ್ಟಕ್ಕೆ ತೃಪ್ತಿಪಡುವುದಿಲ್ಲ. ಪಕ್ಷಪಾತದ ಸಂಭವವೂ ಇರಬಾರದೆನ್ನುತ್ತದೆ. ಆ ಕಟ್ಟುನಿಟ್ಟಾದ ಅಳತೆಯಿಂದ ನೋಡಿದರೆ 1977ರ ನಿರ್ಧಾರ ಪೂರ್ಣವಾಗಿ ತೇರ್ಗಡೆಯಾಗುವುದಿಲ್ಲ; 1973ರ ನೇಮಕವಾದರೋ ಸ್ವಲ್ಪವೂ ಆಗುವುದಿಲ್ಲ. ಈ ಎರಡು ದೋಷಗಳನ್ನು ಸಮನೆಂದು ಎಣಿಸದಿರುವುದೇ ಇತಿಹಾಸಕಾರನ ಕರ್ತವ್ಯ.