ದಾನಶೂರ ರಿಮೋಟು

ಉಂಚಳ್ಳಿಯ ನೀರನ್ನು ಹಾಲು ಸುರಿದ ಹಾಗೆ ಕಾಣಿಸುವ ಎನ್‌ಡಿ ಫಿಲ್ಟರುಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅರ್ಧ ಬರೆದೂ ಆಗಿತ್ತು. ಅಷ್ಟರಲ್ಲಿ ಸಿದ್ದಾಪುರದ ಕಡೆಯ ಮಾಣಿಯೊಬ್ಬ ಡ್ರೋನಿನ ಚೀಲ ಹೆಗಲಿಗೆ ಹಾಕಿಕೊಂಡು ಜಗುಲಿ ಹತ್ತಿದ. ಮುಖ ನೋಡಿದರೆ ಕೊಳೆರೋಗ ಬಂದ ತೋಟದ ಯಜಮಾನನಂತಿತ್ತು.

“ಭಾವಾ, ರಿಮೋಟಿನ ಬ್ಯಾಟ್ರಿ ನಿಲ್ತೇ ಇಲ್ಲೆ. ಹೊಸಾ ರಿಮೋಟೇ ತಗಳವು ಹೇಳಿ ಅಂಗಡಿಯವ ಹೇಳ್ದ.”

“ಮೊದ್ಲು ಆಸ್ರಿಗೆ ಕುಡಿ,” ಅಂದೆ. ಅಂಗಡಿಯವ ಹೊಸದು ತಗೋ ಎನ್ನುವುದು ಅವನ ಧರ್ಮ. ಜಗುಲಿಯ ಮೇಲೆ ಕೂತು ಹಳೆಯದನ್ನೇ ನೋಡೋಣ ಎನ್ನುವುದು ನನ್ನ ಚಟ. ಅದೂ ಅಲ್ಲದೆ, ಹೊರದೇಶದ ಸಿದ್ಧ ಡ್ರೋನು ತರಿಸುವುದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿದ ಮೇಲೆ ನಮ್ಮಂಥ ಹವ್ಯಾಸಿಗಳ ಕೈಯಲ್ಲಿರುವುದರಲ್ಲಿ ಕೈಯಿಂದ ಕೈಗೆ ದಾಟಿ ಬಂದ ಹಳೆಯ ಸಾಮಾನೇ ಜಾಸ್ತಿ. ಮುದಿ ಎತ್ತನ್ನು ಮಾರುವುದಕ್ಕಿಂತ ಮೊದಲು ಅದಕ್ಕೆ ಹುಲ್ಲು ಬೀಳುತ್ತಿದೆಯೇ ನೋಡಬೇಕು.

ಮಾಣಿಯ ಹತ್ತಿರ ಡ್ರೋನಿನ ಬ್ಯಾಟರಿ ಮೂರು. ಮೂರೂ ಗಟ್ಟಿಯಾಗಿವೆ. ಆದರೆ ಮೂರನೆಯದನ್ನು ಹಾಕುವ ಹೊತ್ತಿಗೆ ರಿಮೋಟಿನಲ್ಲಿ ಒಂದೇ ದೀಪ ಉಳಿದು ಅದೂ ಮಿಣುಕತೊಡಗುತ್ತದೆ. ಈ ಅಂಕಣ ಓದುವವರಿಗೆ ಬೇರೆ ಹೇಳಬೇಕಿಲ್ಲ: ಹಾರುವುದು ಅರ್ಧ ತಾಸು, ಹಾರಿಸುವುದು ತಾಸುಗಟ್ಟಲೆ. ಇದು ಲೆಕ್ಕ. ಹಾರಿಸುವವನೇ ಮೊದಲು ಸುಸ್ತಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಮಾಣಿ ಆಪಾದಿತರ ಪಟ್ಟಿಯನ್ನೇ ತಂದಿದ್ದ. ರಿಮೋಟು ಮಾರಿದವನು ಹಳೆ ಸೆಲ್ಲು ತುಂಬಿ ಕೊಟ್ಟಿದ್ದಾನೆ. ಕೇಬಲ್ಲು ಡೂಪ್ಲಿಕೇಟು. ಆ್ಯಪಿಗೆ ಅಪ್‌ಡೇಟ್ ಬಂದಮೇಲೆ ಹೀಗಾಯಿತು. ಮಳೆಗಾಲದ ಥಂಡಿ. ಊರಿನ ಕರೆಂಟು. ಕೊನೆಯದಾಗಿ, ತುಸು ಅಳುಕಿನಿಂದ, ಅವನ ಆಯಿ. ಮಳೆಗಾಲದಲ್ಲಿ ಬೂಸಲು ಹಿಡಿಯದೇ ಬೆಚ್ಚಗಿರಲಿ ಎಂದು ಅವರು ಇಡೀ ಚೀಲವನ್ನು ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಬಿಟ್ಟಿದ್ದರಂತೆ.

ಬೆರಳು ಮಡಚಿ ಎಣಿಸಿದೆ. ಸರಿಯಾಗಿ ಆರು. ಎನ್‌ಡಿ ಫಿಲ್ಟರು ತಲೆಯಿಂದ ಹಾರಿಹೋದದ್ದು ಆ ಕ್ಷಣದಲ್ಲಿ.

ತಾಳಮದ್ದಳೆ ಕೇಳುತ್ತ ಬೆಳೆದವರಿಗೆ ಆರು ಜನ ಎಂದ ಕೂಡಲೇ ಕರ್ಣ ನೆನಪಾಗದೆ ಇರುವುದಿಲ್ಲ. ಕರ್ಣನನ್ನು ಕೊಂದವರು ಆರು ಮಂದಿ ಎಂಬ ಮಾತು ಹಳೆಯದು. ಬಾಣ ಬಿಟ್ಟ ಅರ್ಜುನ, ಬಿಡಿಸಿದ ಕೃಷ್ಣ, ವಚನ ಕೇಳಿದ ಕುಂತಿ, ಚಕ್ರ ನುಂಗಿದ ಭೂಮಿ, ಕವಚ ಬೇಡಿದ ಇಂದ್ರ, ಶಾಪ ಕೊಟ್ಟ ಪರಶುರಾಮ. ಎಂದೋ ಒಮ್ಮೆ ಸೋಂದಾ ಕಡೆಯ ಒಂದು ಮನೆಯ ಅಂಗಳದಲ್ಲಿ ರಾತ್ರಿಯಿಡೀ ಕರ್ಣಪರ್ವ ಕೇಳಿದ್ದೆ. ರಥದ ಗಾಲಿ ಹೂತಮೇಲೆ ಕರ್ಣನ ಅರ್ಥ ಹೇಳುತ್ತಿದ್ದವರು ಆರು ಜನರನ್ನೂ ಒಬ್ಬೊಬ್ಬರನ್ನಾಗಿ ಕಟಕಟೆಗೆ ಹತ್ತಿಸಿ ಇಳಿಸಿದರು. ಒಬ್ಬೊಬ್ಬರಿಗೂ ಕಾಲು ಗಂಟೆ. ಭಾಗವತರು ಎರಡು ಸಲ ಜಾಗಟೆ ಮುಟ್ಟಿ ನೋಡಿದರು, ಇವರು ನಿಲ್ಲಿಸಲಿಲ್ಲ. ಎಲ್ಲ ಮುಗಿದಮೇಲೆ ದನಿ ತಗ್ಗಿಸಿದರು. ಇಂದ್ರ ಬೇಡಿದ ನಿಜ. ಬರುವವನು ಬ್ರಾಹ್ಮಣನಲ್ಲ, ಇಂದ್ರ, ಎಂದು ಸೂರ್ಯ ಮೊದಲೇ ಬಂದು ಎಚ್ಚರಿಸಿದ್ದೂ ನಿಜ. ಗೊತ್ತಿದ್ದೂ ಗೊತ್ತಿದ್ದೂ ಮೈಗಂಟಿದ ಕವಚವನ್ನು ಸುಲಿದು ಕೊಟ್ಟ ಕೈ ಯಾರದು? ಹಾಗೆ ಕೇಳಿ ತಮ್ಮ ಬಲಗೈಯನ್ನೇ ದೀಪಕ್ಕೆ ಹಿಡಿದು ತಿರುಗಿಸಿ ನೋಡಿಕೊಂಡರು. ವೇಷವಿಲ್ಲ, ಕುಣಿತವಿಲ್ಲ, ಬರೀ ಶಾಲು ಹೊದ್ದು ಕೂತ ಮನುಷ್ಯ. ಅಂಗಳದಲ್ಲಿ ಕವಳ ಕುಟ್ಟುವ ಸದ್ದೂ ನಿಂತಿತು.

ಮಾಣಿಯ ರಿಮೋಟು ಕೈಗೆ ತಗೊಂಡೆ. ಮೇಲೆ ಅವನ ಫೋನು ಸಿಕ್ಕಿಸಿಕೊಂಡೇ ಇತ್ತು. ನಮ್ಮ ಮನೆ ಹೊಂಡದಲ್ಲಿದೆ. ಫೋನಿನಲ್ಲಿ ಸಿಗ್ನಲ್ಲಿನ ಕಡ್ಡಿ ಒಂದೂ ಇಲ್ಲ. ಚಾರ್ಜು ಶೇಕಡಾ 23. ಪಕ್ಕದಲ್ಲಿ ಚಾರ್ಜಾಗುತ್ತಿದೆ ಎನ್ನುವ ಸಣ್ಣ ಮಿಂಚಿನ ಗುರುತು. ಯಾವ ಗೋಡೆಯ ಪ್ಲಗ್ಗಿಗೂ ಸಿಕ್ಕಿಸದ ಫೋನಿಗೆ ಚಾರ್ಜು ಎಲ್ಲಿಂದ ಬರುತ್ತಿತ್ತು?

“ಹೌದಲಾ!” ಎಂದ ಮಾಣಿ.

ಫೋನು ಸಿಕ್ಕಿಸುವ ರಿಮೋಟುಗಳಲ್ಲಿ ಬಹಳಷ್ಟು ಹೀಗೇ ದಾನಶೂರರು. ಬೇಡಿದವನಿಗೆ ಇಲ್ಲ ಎನ್ನುವುದಿಲ್ಲ. ಚಿತ್ರ ಬರುವ ಅದೇ ಕೇಬಲ್ಲಿನಲ್ಲಿ ತಮ್ಮ ಹೊಟ್ಟೆಯದನ್ನು ಫೋನಿಗೆ ಬಡಿಸುತ್ತಿರುತ್ತವೆ. ಹಾರಾಟದ ನಡುವೆ ಫೋನು ಸಾಯಬಾರದೆಂದು ಮಾಡಿದ ಅನುಕೂಲ ಅದು, ದೋಷವಲ್ಲ. ಲೆಕ್ಕವನ್ನು ಕಂಪನಿಯವರೇ ಕೊಟ್ಟಿದ್ದಾರೆ, ನಾವು ಓದುವುದಿಲ್ಲ. ಡಿಜೆಐಯವರ ಆರ್‌ಸಿ-ಎನ್1 ರಿಮೋಟನ್ನೇ ತಗೊಳ್ಳಿ. 5200 ಎಂಎಎಚ್ ಬ್ಯಾಟರಿ, ಅಂದರೆ ಸುಮಾರು 18.7 ವ್ಯಾಟ್-ಅವರ್. ಫೋನಿಗೆ ಬಡಿಸದಿದ್ದರೆ 6 ತಾಸು, ಬಡಿಸಿದರೆ 4 ತಾಸು ಎಂದು ಅವರೇ ಬರೆದಿದ್ದಾರೆ. ಭಾಗಿಸಿ ನೋಡಿ: ಒಂಟಿಯಾಗಿದ್ದರೆ ಸುಮಾರು 3 ವ್ಯಾಟಿನ ಖರ್ಚು, ನೆಂಟ ಬಂದರೆ 4.7. ಅಡಿಗೆಯ ಮೂರರಲ್ಲಿ ಒಂದು ಪಾಲು ನೆಂಟನ ಬಾಳೆಗೆ ಹೋಯಿತು. ಇದು ಹೊಸ ಬ್ಯಾಟರಿಯ ಲೆಕ್ಕ. ನಾಲ್ಕಾರು ವರ್ಷ ದುಡಿದ ಸೆಲ್ಲಿನಲ್ಲಿ ಅಡಿಗೆಯೇ ಕಮ್ಮಿ, ನೆಂಟನ ಹಸಿವು ಮಾತ್ರ ಅಷ್ಟೇ. ಈಗಿನ 5000 ಎಂಎಎಚ್ ಫೋನಿನ ಹೊಟ್ಟೆಯೂ ಹೆಚ್ಚುಕಡಿಮೆ ರಿಮೋಟಿನಷ್ಟೇ ದೊಡ್ಡದು. ಶೇಕಡಾ 23ರಲ್ಲಿ ಹಸಿದು ಬಂದ ಫೋನಿಗೆ ಎಷ್ಟು ಬಡಿಸಿದರೂ ಸಾಕೆಂಬುದಿಲ್ಲ.

ಮತ್ತೆ, ಈ ನೆಂಟನ ಹಸಿವು ಬೆಂಗಳೂರಿಗಿಂತ ನಮ್ಮಲ್ಲಿ ಹೆಚ್ಚು. ಬಯಲುಸೀಮೆಯವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಆದ್ದರಿಂದ ಒತ್ತಿ ಹೇಳುತ್ತೇನೆ. ಟವರು ಸಿಗದ ಕಡೆ ಫೋನು ಸುಮ್ಮನೆ ಕೂರುವುದಿಲ್ಲ. ತಪ್ಪಿಸಿಕೊಂಡ ಕರುವನ್ನು ಆಕಳು ಕೂಗಿ ಕರೆಯುವ ಹಾಗೆ ಸದಾ ಟವರನ್ನು ಹುಡುಕುತ್ತಿರುತ್ತದೆ. ಅದಕ್ಕೇ ಸಂತೆಪೇಟೆಗಿಂತ ಕಾಡಿನಲ್ಲಿ ಚಾರ್ಜು ಬೇಗ ಖಾಲಿ. ಸಾತೊಡ್ಡಿಯ ದಾರಿಯಲ್ಲಿ, ಮಾಗೋಡಿನ ಕಣಿವೆಯ ಬುಡದಲ್ಲಿ, ಅಘನಾಶಿನಿಯ ಹೊಂಡಗಳಲ್ಲಿ ಹಾರಿಸುವವರೆಲ್ಲ ಇದನ್ನು ಕಂಡವರೇ. ಹಾರಿಸುವಾಗ ಆ ಹುಡುಕಾಟದ ಖರ್ಚೂ ರಿಮೋಟಿನ ತಲೆಗೇ ಬರುತ್ತದೆ. ಬಿಸಿಲಿಗೆ ಕಾಣುವುದಿಲ್ಲವೆಂದು ಪರದೆಯ ಬೆಳಕನ್ನು ಪೂರ್ತಿ ಏರಿಸುತ್ತೀರಲ್ಲ, ಅದು ಇನ್ನೊಂದು ಬಾಯಿ. ನಾನಂತೂ ಅಡಿಕೆ ಹಾಳೆಯನ್ನು ನೆನೆಸಿ ಬಗ್ಗಿಸಿ ಫೋನಿಗೊಂದು ಟೊಪ್ಪಿ ಮಾಡಿಕೊಂಡಿದ್ದೇನೆ. ನೋಡಿದವರು ನಗುತ್ತಾರೆ. ನನ್ನ ಪರದೆ ಅರ್ಧ ಬೆಳಕಿನಲ್ಲೇ ಚೆನ್ನಾಗಿ ಕಾಣುತ್ತದೆ.

ಉಳಿದ ಆಪಾದಿತರನ್ನು ಬೇಗ ಬೇಗ ಬಿಡುಗಡೆ ಮಾಡಿದೆ. ಕರೆಂಟು ನಿರಪರಾಧಿ: ವೋಲ್ಟೇಜು ಬಿದ್ದಾಗ ಪಂಪು ಎತ್ತುವುದಿಲ್ಲ ನಿಜ, ಆದರೆ ಚಾರ್ಜರಿನ ಬೆನ್ನ ಮೇಲೆ 100ರಿಂದ 240 ವೋಲ್ಟು ಎಂದೇ ಅಚ್ಚಾಗಿರುತ್ತದೆ. ಕೇಬಲ್ಲಿನ ಮೂತಿಯಲ್ಲಿ ಕಿಲುಬು ಇರಲಿಲ್ಲ. ಆ್ಯಪು ಪಾಪ, ಅದರ ಪಾಡಿಗಿತ್ತು. ಆದರೆ ಆಯಿಯವರನ್ನು ಪೂರ್ತಿ ಬಿಡಲಾಗಲಿಲ್ಲ. ಲಿಥಿಯಂ ಬ್ಯಾಟರಿಗೆ ಥಂಡಿಗಿಂತ ಶಾಖ ಕೆಟ್ಟದ್ದು. ತುಂಬಿದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಬೆಚ್ಚಗಿಟ್ಟರೆ ಅದು ಒಳಗೊಳಗೇ ಮುಪ್ಪಾಗುತ್ತದೆ. ಖಾಲಿ ಇಟ್ಟರೆ ಇನ್ನೂ ತಳಕ್ಕಿಳಿದು ಮತ್ತೆ ಏಳದೆಯೂ ಹೋಗಬಹುದು. ಜೂನಿನಲ್ಲಿ ಚೀಲ ಕಟ್ಟಿಡುವಾಗ ಅರ್ಧ ಚಾರ್ಜಿನಲ್ಲಿ ಇಡಬೇಕು. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಂಪಾದ ಕಪಾಟು. ಚೌತಿಯ ಹೊತ್ತಿಗೊಮ್ಮೆ ತೆಗೆದು ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತುಂಬಬೇಕು. ಬಚ್ಚಲ ಅಟ್ಟ ಅಡಿಕೆಗೆ ಒಳ್ಳೆಯದು.

ಬ್ಯಾಟರಿಗೆ ನಿಜವಾಗಿ ಮುಪ್ಪು ಬಂದಿದೆಯೋ ಇಲ್ಲವೋ ತಿಳಿಯುವುದು ಸುಲಭ. ಪೂರ್ತಿ ಚಾರ್ಜು ಮಾಡಿ, ಫೋನು ಸಿಕ್ಕಿಸದೆ, ಡ್ರೋನು ಹಚ್ಚದೆ, ಬರೀ ರಿಮೋಟನ್ನು ಹಚ್ಚಿಡಿ. ತಾನೇ ಆರಿಹೋಗುವ ಜಾತಿಯದಾದರೆ ನಡುನಡುವೆ ಕಡ್ಡಿ ಅಲುಗಾಡಿಸುತ್ತಿರಿ. ಮಾಣಿಯದನ್ನು ಜಗುಲಿಯ ಕಟ್ಟೆಯ ಮೇಲಿಟ್ಟು ನಾವು ಊಟಕ್ಕೆ ಕೂತೆವು. ಅಪ್ಪೆಹುಳಿ ಸುರಿದು, ಕವಳ ಹಾಕಿ, ಒಂದು ಸುತ್ತು ರಾಜಕೀಯ ಮುಗಿಸಿ ಬಂದರೂ ನಾಲ್ಕು ದೀಪಗಳಲ್ಲಿ ಮೂರು ಗಟ್ಟಿಯಾಗಿ ನಿಂತಿದ್ದವು. ಸೆಲ್ಲು ಸತ್ತಿಲ್ಲ. ಹೀಗಿಟ್ಟಾಗಲೂ ದೀಪಗಳು ದಡದಡ ಇಳಿದರೆ ಮಾತ್ರ ಸೆಲ್ಲು ಬದಲಿಸುವ ಮಾತು. ಮೈ ಉಬ್ಬಿದ್ದರೆ ಪರೀಕ್ಷೆಯೂ ಬೇಡ, ಚಾರ್ಜಿಗೇ ಹಾಕಬೇಡಿ.

ಇಲ್ಲಿ ‘ಪರದೆ ಪಂಥ’ದವರ ಹಳೆಯ ಬಾಕಿಯೊಂದನ್ನು ತೀರಿಸಬೇಕು. ಫೋನು ಸಿಕ್ಕಿಸುವ ರಿಮೋಟು ಎತ್ತಿನಗಾಡಿಯ ಕಾಲದ್ದು, ಪರದೆ ಒಳಗೇ ಇರುವ ರಿಮೋಟು ತಗೊಂಡರೆ ಈ ರಗಳೆಯೇ ಇಲ್ಲ ಎಂದು ಅವರು ಮದುವೆ ಮನೆಗಳಲ್ಲಿ ನನ್ನನ್ನು ಮೂಲೆಗೆ ತಳ್ಳಿ ವಾದಿಸುತ್ತಾರೆ. ಅದೇ ಕಂಪನಿಯ ಪರದೆಯ ರಿಮೋಟು ಡಿಜೆಐ ಆರ್‌ಸಿಯ ಲೆಕ್ಕ ನೋಡಿ: ಬ್ಯಾಟರಿ ಅದೇ 5200 ಎಂಎಎಚ್, ಬಾಳಿಕೆ ಅದೇ ಸುಮಾರು 4 ತಾಸು. ಎರಡು ತಾಸು ತಿಂದು ಹೋಗುತ್ತಿದ್ದ ನೆಂಟ ಈಗ ಮನೆಯಳಿಯನಾಗಿದ್ದಾನೆ, ಅಷ್ಟೇ. ನೆಂಟನಿಗಾದರೆ ಉಂಡುಕೊಂಡೇ ಬಾ ಎನ್ನಬಹುದು. ಮನೆಯಳಿಯನಿಗೆ ಹೇಳುವವರು ಯಾರು?

ದೋಟಿ ಪಂಥದವರ ತಂಟೆಗೆ ಮಾತ್ರ ನಾನು ಹೋಗುವುದಿಲ್ಲ. ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಮದ್ದು ಹೊಡೆಯುವವರು ‘ನಿನ್ನ ಯಂತ್ರದ ಹಾಗೆ ನಮ್ಮ ಕೋಲಿಗೆ ಬ್ಯಾಟರಿ ಇಳಿಯುವುದಿಲ್ಲ’ ಎಂದು ಚುಚ್ಚಿದರೆ ಉತ್ತರವಿಲ್ಲ. ಕೊಳೆಗೆ ಬೋರ್ಡೋ ಮದ್ದು ಹಿಡಿಯಬೇಕಾದದ್ದು ಸೋಗೆಯ ಬುಡದಲ್ಲಿರುವ ಕೊನೆಗೆ. ಮೇಲಿಂದ ಸುರಿಯುವ ಡ್ರೋನಿಗೆ ಮೊದಲು ಅಡ್ಡ ಬರುವುದೇ ಸೋಗೆ. ನನ್ನದು ಚಿತ್ರ ತೆಗೆಯುವ ಡ್ರೋನು. ಸುಮ್ಮನಿರುತ್ತೇನೆ.

ಹಾರುತ್ತಿರುವಾಗಲೇ ರಿಮೋಟು ಸತ್ತರೆ ಏನಾಗುತ್ತದೆ ಎಂದು ಮಾಣಿ ಕೇಳಿದ. ಒಳ್ಳೆಯ ಪ್ರಶ್ನೆ. ಸಂಪರ್ಕ ತಪ್ಪಿದಾಗ ಮನೆಗೆ ಮರಳು ಎಂದು ಮೊದಲೇ ಹೇಳಿಟ್ಟಿದ್ದರೆ ಡ್ರೋನು ತಾನೇ ಮೇಲೇರಿ, ಹೊರಟ ಜಾಗಕ್ಕೆ ಬಂದು ಇಳಿಯುತ್ತದೆ. ಆದರೆ ಎಷ್ಟು ಎತ್ತರಕ್ಕೆ ಏರಬೇಕೆಂದು ನಾವು ಬರೆದಿಟ್ಟ ಅಂಕಿ ಹೊರಟ ಜಾಗದಿಂದ ಎಣಿಸುವಂಥದ್ದು. ತೋಟವಿರುವುದು ಕಣಿವೆಯ ತಳದಲ್ಲಿ, ಎದುರಿಗೆ ಸೊಪ್ಪಿನ ಬೆಟ್ಟ, ಬೆಟ್ಟದ ನೆತ್ತಿಯ ಮೇಲೆ ಮತ್ತೆ ಮರ. ಮಾಣಿಯ ಸೆಟ್ಟಿಂಗು ತೆಗೆದು ನೋಡಿದರೆ 30 ಮೀಟರು ಎಂದಿತ್ತು. ಬೆಟ್ಟದಾಚೆ ಹೋದ ಡ್ರೋನು ಹಿಂದೆ ಬರುವಾಗ ನೇರ ಮತ್ತಿ ಮರಕ್ಕೇ ಹೊಡೆಯುತ್ತಿತ್ತು. ಸೋಗೆಯ ದಟ್ಟ ನೆರಳಿನಲ್ಲಿ ನಿಂತು ಹಾರಿಸಿದರೆ ಇನ್ನೊಂದು ಪಂಚಾಯ್ತಿಗೆ: ಜಿಪಿಎಸ್ ಸರಿಯಾಗಿ ಹಿಡಿಯದೆ, ಮನೆ ಯಾವುದೆಂಬುದನ್ನೇ ಅದು ಗುರುತು ಹಾಕಿಕೊಂಡಿರುವುದಿಲ್ಲ. ಅಂಗಳದ ನಡುವಿನಿಂದ ಹಾರಿಸು, ಮನೆ ಗುರುತಾಯಿತು ಎಂದು ಪರದೆ ಹೇಳುವ ತನಕ ಮೇಲೆ ಎತ್ತಬೇಡ ಎಂದೆ.

ಆಮೇಲೆ ನೆಂಟನ ವ್ಯವಸ್ಥೆ. ಫೋನನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಹೊಟ್ಟೆ ತುಂಬಿಸಿದೆವು. ಏರೋಪ್ಲೇನ್ ಮೋಡಿಗೆ ಹಾಕಿದೆವು. ಟವರಿನ ಹುಡುಕಾಟ ನಿಂತಿತು. ರಿಮೋಟಿನಿಂದ ಚಾರ್ಜು ಎಳೆಯುವುದನ್ನೂ ನಿಲ್ಲಿಸಬೇಕು. ಕೆಲವಕ್ಕೆ ಅದು ಹಾರಿಸುವ ಆ್ಯಪಿನಲ್ಲೇ ಇರುತ್ತದೆ, ಕೆಲವಕ್ಕೆ ಫೋನಿನ ಯುಎಸ್‌ಬಿ ಸೆಟ್ಟಿಂಗಿನಲ್ಲಿ. ಮಾಣಿಯದರಲ್ಲಿ ಹುಡುಕಲು ಕಾಲು ಗಂಟೆ ಹಿಡಿಯಿತು. ಒಂದು ಬ್ಯಾಟರಿ ಇಳಿಸಿ ಇನ್ನೊಂದು ಹಾಕುವ ಮಧ್ಯೆ, ವಿಡಿಯೋ ನೋಡಿ ಹೌದೋ ಅಲ್ಲವೋ ಎಂದು ಚರ್ಚೆ ನಡೆಸುವಾಗ, ರಿಮೋಟನ್ನು ಆರಿಸು ಎಂದೂ ಹೇಳಿದೆ. ಇದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಗಿ ಕಂಡಿತು.

ನಿನ್ನೆ ಅವನ ಊರಿಗೇ ಹೋಗಿದ್ದೆ. ಮೂರೂ ಬ್ಯಾಟರಿ ಹಾರಿಸಿ ಮುಗಿಸಿದ. ರಿಮೋಟಿನಲ್ಲಿ ಇನ್ನೂ ಮೂರು ದೀಪ. ಖುಷಿಗೆ ಫೋನನ್ನು ಏರೋಪ್ಲೇನ್ ಮೋಡಿನಿಂದ ತೆಗೆಯುವುದನ್ನೇ ಮರೆತು, ಆಗಲೇ ತೆಗೆದ ವಿಡಿಯೋ ತೋರಿಸುತ್ತ ಧರೆಯ ಮೇಲೆ ಕೂತುಬಿಟ್ಟ. ಗಂಟೆ ಎರಡಾಗಿತ್ತು. ಕೆಳಗೆ ತೋಟದಾಚೆಯಿಂದ ಅವನ ಆಯಿ ಬಾಯಿಗೆ ಕೈಯಿಟ್ಟು ಉದ್ದಕ್ಕೆ ಕೂ ಹಾಕಿದರು.